ಚಿನ್ನ ಹುಡುಕಿಕೊಂಡು ಬಂದವನಿಗೆ ಸಿಕ್ಕ ಅಶೋಕ

ಚರಿತ್ರೆಯಲ್ಲಿನ ಕಾಕತಾಳೀಯ ಅಂದ ಕೂಡಲೇ ಎಲ್ಲರೂ ಲಿಂಕನ್–ಕೆನಡಿ ಕಥೆಗೆ ಕೈ ಹಾಕುತ್ತಾರೆ. ಅದನ್ನು ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು. ನಾನು ಇವತ್ತು ಅಷ್ಟು ದೂರ ಹೋಗುವುದಿಲ್ಲ. ರಾಯಚೂರು ಜಿಲ್ಲೆಯ ನಮ್ಮ ಜವಳಗೇರಾದಿಂದ ಸಿಂಧನೂರಿಗೆ ಬಂದು ಲಿಂಗಸುಗೂರಿನ ಬಸ್ ಹತ್ತಿರಿ, ದಾರಿಯಲ್ಲಿ ಮಸ್ಕಿ ಬರುತ್ತದೆ. ಅಲ್ಲಿಯ ಗುಡ್ಡದ ಒಂದು ಬಂಡೆ, ಇವತ್ತಿನ ಕಥೆ.

ಮೊದಲು ಸ್ವಲ್ಪ ಹಿಂದಕ್ಕೆ, 1837ಕ್ಕೆ ಹೋಗೋಣ. ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದುವುದು ಹೇಗೆ ಅಂತ ಕಂಡುಹಿಡಿದರು. ದೇಶದ ತುಂಬ ಕಂಬಗಳ ಮೇಲೆ, ಬಂಡೆಗಳ ಮೇಲೆ ಒಬ್ಬನೇ ರಾಜ ಮಾತಾಡುತ್ತಿದ್ದಾನೆ. ತನ್ನನ್ನು 'ದೇವಾನಂಪಿಯ ಪಿಯದಸಿ' ಅಂತ ಕರೆದುಕೊಳ್ಳುತ್ತಾನೆ. ದೇವರಿಗೆ ಪ್ರಿಯನಾದ ಪ್ರಿಯದರ್ಶಿ. ಆದರೆ ಇವನು ಯಾರು? ಪ್ರಿನ್ಸೆಪ್ ಮೊದಲು ಸಿಂಹಳದ ರಾಜ ಇರಬೇಕು ಅಂದುಕೊಂಡರು. ಯಾಕೆಂದರೆ ಅದೇ ಕಾಲದಲ್ಲಿ ಅಲ್ಲಿ ದೇವಾನಂಪಿಯ ತಿಸ್ಸ ಅನ್ನುವವನು ಆಳುತ್ತಿದ್ದ. ಇಬ್ಬರು ರಾಜರು, ಒಂದೇ ಕಾಲ, ಒಂದೇ ಬಿರುದು. ಮೋಸ ಹೋಗದೆ ಇರುವುದು ಹೇಗೆ ಹೇಳ್ರಿ? ಅದೇ ವರ್ಷ ಸಿಲೋನಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥ ದೀಪವಂಸದಲ್ಲಿ ಉತ್ತರ ಕಂಡರು. ಪಿಯದಸಿ ಅಂದರೆ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಅಶೋಕ.

ಹೆಸರೇನೋ ಪುಸ್ತಕದಲ್ಲಿ ಸಿಕ್ಕಿತು. ಕಲ್ಲಿನ ಮೇಲೆ ಮಾತ್ರ ಇಲ್ಲ. ಆಮೇಲೆ ಎಷ್ಟೋ ಶಾಸನ ಸಿಕ್ಕವು. 1892ರಲ್ಲಿ ಬಿ. ಎಲ್. ರೈಸ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಮೂರು ಕಂಡರು. ಒಂದರಲ್ಲೂ 'ಅಶೋಕ' ಅನ್ನುವ ಪದ ಇಲ್ಲ. ಹೀಗೆ 78 ವರ್ಷ ಕಳೆಯಿತು.

ಈಗ ಮಸ್ಕಿ. ಆಗ ಇದು ನಿಜಾಮರ ಸೀಮೆ. 1915ರಲ್ಲಿ ಸಿ. ಬೀಡನ್ ಅನ್ನುವ ಚಿನ್ನದ ಗಣಿಯ ಎಂಜಿನಿಯರ್ ಚಿನ್ನದ ನಿಕ್ಷೇಪ ಹುಡುಕುತ್ತ ಈ ಭಾಗದಲ್ಲಿ ಓಡಾಡುತ್ತಿದ್ದರು. ಗುಡ್ಡದ ಬಂಡೆಯ ಮೇಲೆ ಅಕ್ಷರ ಕಣ್ಣಿಗೆ ಬಿತ್ತು. ಅದೇ ವರ್ಷ ಶಾಸನತಜ್ಞ ಹೊಸಕೋಟೆ ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಶುರುವಿನಲ್ಲೇ ಇತ್ತು: 'ದೇವಾನಂಪಿಯಸ ಅಸೋಕಸ'. ದೇವಾನಂಪ್ರಿಯ ಅಶೋಕನ ಮಾತು! ಟರ್ನರ್ ಪುಸ್ತಕ ನೋಡಿ ಹೇಳಿದ್ದಕ್ಕೆ ನಮ್ಮ ಮಸ್ಕಿಯ ಕಲ್ಲು ಸಾಕ್ಷಿ ನುಡಿಯಿತು. ಅಷ್ಟು ಹೊತ್ತಿಗೆ ಪ್ರಿನ್ಸೆಪ್ ತೀರಿಕೊಂಡು 75 ವರ್ಷ. ಅವರು ಬದುಕಿದ್ದದ್ದೇ ನಲವತ್ತು ವರ್ಷ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಭಾರತದ ಶಿಲಾಯುಗದ ಸಂಶೋಧನೆಗೆ ಅಡಿಪಾಯ ಹಾಕಿದ ರಾಬರ್ಟ್ ಬ್ರೂಸ್ ಫೂಟ್ 1870ರಲ್ಲಿ ಒಮ್ಮೆ, 1888ರಲ್ಲಿ ಮತ್ತೊಮ್ಮೆ ಇದೇ ಮಸ್ಕಿಗೆ ಬಂದಿದ್ದರು. ಹಳೆಯ ವಸ್ತುಗಳನ್ನೇ ಹುಡುಕುವ ಕಣ್ಣು ಅವರದು. ಅವರಿಗೆ ದಕ್ಕದ ಅಕ್ಷರ ಚಿನ್ನದ ಹಿಂದೆ ಬಿದ್ದವರಿಗೆ ದಕ್ಕಿತು.

ಇದು ಬರೀ ಅದೃಷ್ಟವೇ? ಅಲ್ಲ ಅನ್ನುತ್ತೇನೆ ನಾನು. ಭೂಗರ್ಭಶಾಸ್ತ್ರದವರು ಈ ಭಾಗದ ಶಿಲಾಪಟ್ಟಿಯನ್ನು 'ಹಟ್ಟಿ–ಮಸ್ಕಿ' ಪಟ್ಟಿ ಅಂತಲೇ ಕರೆಯುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ. ಅಲ್ಲಿಯ ಹಳೆಯ ಗಣಿಗಳ ಆಳದಲ್ಲಿ ಸಿಕ್ಕ ಮರದ ತುಂಡುಗಳಿಗೆ ಸುಮಾರು 2,000 ವರ್ಷ ವಯಸ್ಸು. ಬ್ರಿಟಿಷ್ ಕಾಲದ ಗಣಿ ಎಂಜಿನಿಯರುಗಳು ಹೊಸ ಗಣಿ ಎಲ್ಲಿ ತೋಡಬೇಕು ಅನ್ನುವುದಕ್ಕೆ ಮೊದಲು ನೋಡುತ್ತಿದ್ದದ್ದೇ ಹಿಂದಿನವರು ತೋಡಿ ಬಿಟ್ಟ ಹಳೆಯ ಗುಂಡಿಗಳನ್ನು. ಹಟ್ಟಿಯಲ್ಲೂ ಹಾಗೆ, ಕೋಲಾರದಲ್ಲೂ ಹಾಗೆ.

ಪಾಟಲಿಪುತ್ರದ ಮೌರ್ಯರಿಗೆ ಇಷ್ಟು ದೂರದ ಎರೆಭೂಮಿಯಲ್ಲಿ ಏನು ಕೆಲಸ? ಬ್ರಹ್ಮಗಿರಿ ಶಾಸನ 'ಸುವರ್ಣಗಿರಿ'ಯಲ್ಲಿದ್ದ ಆರ್ಯಪುತ್ರನ, ಅಂದರೆ ರಾಜಕುಮಾರನ, ಹೆಸರಿನಲ್ಲಿ ಹೊರಟ ಆಜ್ಞೆ. ದಕ್ಷಿಣದ ಅವರ ಆಡಳಿತ ಕೇಂದ್ರದ ಹೆಸರಿನಲ್ಲೇ ಚಿನ್ನ ಇದೆ ನೋಡ್ರಿ. ಆ ಊರು ಕೊಪ್ಪಳ ಜಿಲ್ಲೆಯ ಕನಕಗಿರಿ ಅಂತ ಕೆಲವರು, ಮಸ್ಕಿಯೇ ಅಂತ ಇನ್ನು ಕೆಲವರು. ಯಾವುದೇ ಇರಲಿ, ಮೌರ್ಯರೂ ಬೀಡನ್ನರೂ ಈ ನೆಲಕ್ಕೆ ಬಂದದ್ದು ಒಂದೇ ಲೋಹದ ಆಸೆಗೆ ಅಂತ ನನಗೆ ಅನ್ನಿಸುತ್ತದೆ. ಇಬ್ಬರ ನಡುವೆ ಅಂತರ 2,100 ವರ್ಷಕ್ಕೂ ಹೆಚ್ಚು. ಒಂದೇ ಬಾವಿಗೆ ನೀರಿಗೆ ಬಂದವರು ಭೇಟಿಯಾದ ಹಾಗೆ.

ಅಶೋಕನ ಹೆಸರಿರುವ ಶಾಸನಗಳು ಆಮೇಲೆ ಇನ್ನೂ ಸಿಕ್ಕವು. ಒಂದು ಮಧ್ಯಪ್ರದೇಶದ ಗುಜರ್ರಾದಲ್ಲಿ. ಮತ್ತೆರಡು, 1970ರ ದಶಕದಲ್ಲಿ, ನಿಟ್ಟೂರು ಮತ್ತು ಉಡೇಗೋಳದಲ್ಲಿ. ಅವು ಎಲ್ಲಿವೆ? ಸಿಂಧನೂರಿನಿಂದ ದಢೇಸುಗೂರು ಸೇತುವೆ ಮೇಲೆ ತುಂಗಭದ್ರೆ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನಲ್ಲಿ! ಆ ಹೆಸರಿರುವ ನಾಲ್ಕು ಊರುಗಳಲ್ಲಿ ಮೂರು ನಮ್ಮ ಸುತ್ತಮುತ್ತಲೇ.

ಇನ್ನು ನಿಜವಾದ ಕಾಕತಾಳೀಯ ಬೇಕು ಅಂದರೆ ಭೀಮಾ ತೀರದ ಸನ್ನತಿಗೆ ಹೋಗಬೇಕು. ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಒಂದು ಕಾಳಿ ಗುಡಿ. 1986ರಲ್ಲಿ ಅದರ ಚಾವಣಿ ಕುಸಿದು ಮೂರ್ತಿ ಹಾಳಾಯಿತು. ಊರವರಿಗೆ ಎಂಥ ಸಂಕಟವಾಗಿರಬೇಕು ಯೋಚಿಸ್ರಿ. ಆದರೆ ಆ ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲು ಹೊರಬಂದಾಗ ಅದರ ಎರಡೂ ಮುಖದಲ್ಲಿ ಬ್ರಾಹ್ಮಿ ಅಕ್ಷರ, ಅಶೋಕನ ಆಜ್ಞೆಗಳು. ನಡುವೆ ಮೂರ್ತಿ ಕೂರಿಸಲು ಯಾರೋ ತೂತು ಕೊರೆದಿದ್ದರು. ಅಲ್ಲಿರುವ ಎರಡು ಆಜ್ಞೆಗಳು ಕಳಿಂಗದ ಧೌಲಿ, ಜೌಗಡಗಳನ್ನು ಬಿಟ್ಟರೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಅದಾದ ಮೇಲೆ, 1990ರ ದಶಕದಲ್ಲಿ, ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಉತ್ಖನನ ನಡೆಯಿತು. ಒಂದು ಶಿಲ್ಪದಲ್ಲಿ ರಾಜ, ರಾಣಿ, ಪರಿವಾರ. ಜೊತೆಗೆ ಹೆಸರನ್ನೂ ಕೆತ್ತಿದ್ದರು: 'ರಾಯೋ ಅಸೋಕೋ'. ಕೆತ್ತಿದ ಶಿಲ್ಪಿ ಅಶೋಕನನ್ನು ಕಂಡವನಲ್ಲ, ತಲೆಮಾರುಗಳ ನಂತರದವನು. ಆದರೂ ಇವನೇ ಅಶೋಕ ಅಂತ ಹೆಸರು ಬರೆದ ಹಳೆಯ ಶಿಲ್ಪ ಮೊದಲು ಸಿಕ್ಕಿದ್ದು ಅಲ್ಲೇ.

ಶಾಸನದಲ್ಲಿ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ, ಹೆಸರು ಬರೆದ ಮುಖ ಸಿಕ್ಕಿದ್ದು ಕನಗನಹಳ್ಳಿಯಲ್ಲಿ. ಎರಡೂ ಕಲ್ಯಾಣ ಕರ್ನಾಟಕದವು. ಮಸ್ಕಿಯದಕ್ಕೆ ಚಿನ್ನದ ಕಾರಣ ಕೊಟ್ಟೆ. ಈ ಜೋಡಿಗೆ ಕೊಡಲು ನನ್ನ ಹತ್ತಿರ ಕಾರಣ ಇಲ್ಲ.