ವಿಚ್ಛೇದನದ ರಾಜಿ ಪತ್ರ: ಸಹಿ ಹಾಕುವ ಮುನ್ನ



ಪೀಣ್ಯದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರ ಸಂಬಳ ಬೇರೆ, ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ನೌಕರರ ಸಂಬಳ ಬೇರೆ. ಆದರೆ ಸಂಸಾರ ಮುರಿದು ಗಂಡಹೆಂಡಿರು ಬೇರೆಯಾಗಲು ನಿಂತಾಗ ಇಬ್ಬರ ಮುಂದೆಯೂ ಒಂದು ಕಾಗದ ಬರುತ್ತದೆ. ಅದೇ ರಾಜಿ ಪತ್ರ. ಅದರ ಬಗ್ಗೆ ನೀವು ಈಗಲೇ ತಿಳಿದಿರುವುದು ಒಳ್ಳೆಯದು.

ಹಿಂದೂ ವಿವಾಹ ಕಾಯಿದೆ 1955ರದು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅವಕಾಶ ಸಿಕ್ಕಿದ್ದು 1976ರ ತಿದ್ದುಪಡಿಯಿಂದ. ದಂಪತಿಗಳು ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿ ಕೊಟ್ಟ ಮೇಲೆ ಆರು ತಿಂಗಳು ಕಾಯಬೇಕು. ತಕ್ಕ ಕಾರಣವಿದ್ದರೆ ನ್ಯಾಯಾಲಯ ಈ ಅವಧಿಯನ್ನು ಮನ್ನಾ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿತು.

ಇನ್ನು ಹಣದ ಮಾತು. ವಿಚ್ಛೇದನವಾದರೆ ಆಸ್ತಿಯಲ್ಲಿ ತಾನಾಗಿಯೇ ಅರ್ಧ ಪಾಲು ಬರುತ್ತದೆಂದು ಹಲವರು ನಂಬಿದ್ದಾರೆ. ಈ ಕಾಯಿದೆಯಲ್ಲಿ ಅಂಥ ನಿಯಮವಿಲ್ಲ. ಇಬ್ಬರ ಆದಾಯ, ಆಸ್ತಿ, ನಡತೆ, ಪರಿಸ್ಥಿತಿಗಳನ್ನು ನೋಡಿ ನ್ಯಾಯಾಲಯ ಜೀವನಾಂಶವನ್ನು ನಿರ್ಧರಿಸುತ್ತದೆ. ಹಾಗಾದರೆ ಆದಾಯವನ್ನು ಮುಚ್ಚಿಟ್ಟರೆ? ಅದಕ್ಕಾಗಿಯೇ 2020ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವನಾಂಶದ ಮೊಕದ್ದಮೆಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕೆಂದು ವಿಧಿಸಿತು. ಸಂಬಳ, ಬ್ಯಾಂಕ್ ಖಾತೆ, ಭವಿಷ್ಯ ನಿಧಿ, ಷೇರು, ಮನೆಸಾಲ ಎಲ್ಲವೂ ಅದರಲ್ಲಿ ಸೇರುತ್ತವೆ. ಸುಳ್ಳು ಬರೆದವರ ಮೇಲೆ ಕ್ರಮ ಜರುಗಿಸಬಹುದು.

ನಮ್ಮ ಕರ್ನಾಟಕದ್ದೇ ಒಂದು ಪ್ರಕರಣ ನೋಡಿ. ಗಂಡನಿಂದ ಬೇರೆಯಾಗಿದ್ದ ಹೆಣ್ಣುಮಗಳೊಬ್ಬಳು 1990ರ ದಶಕದಲ್ಲಿ ಜೀವನಾಂಶ ಕೇಳಿದಳು. ಕೇವಲ 8,000 ರೂಪಾಯಿ ಪಡೆದು, ಮುಂದೆ ಏನನ್ನೂ ಕೇಳುವುದಿಲ್ಲವೆಂದು ರಾಜಿಯಾಯಿತು. ವರ್ಷಗಳ ನಂತರ ಆಕೆ ಬೇರೊಂದು ಕಾಯಿದೆಯಡಿ ದಾವೆ ಹೂಡಿದಾಗ ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 2,000 ರೂಪಾಯಿ ಕೊಡಿಸಿತು. ಗಂಡ ಹಳೆಯ ರಾಜಿಯನ್ನು ಮುಂದೊಡ್ಡಿದ. ಹಿಂದಿನ ಆ ರಾಜಿಯಿಂದ ಹೆಂಡತಿಯ ಈ ಹಕ್ಕು ಮುಚ್ಚಿಹೋಗದೆಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹಕ್ಕು ಉಳಿಯಿತು, ನಿಜ. ಆದರೆ ನಡುವೆ ಎಷ್ಟು ವರ್ಷ ಕಳೆದವು ನೋಡಿ! ಮೊದಲ ದಿನವೇ ಯಾರಾದರೂ ಆ ಪತ್ರವನ್ನು ಆಕೆಗೆ ಬಿಡಿಸಿ ಹೇಳಿದ್ದರೆ?

ಹೇಳುವವರು ಬೇಕೆಂದರೆ ಹಣವೇ ಬೇಕೆಂದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರು, ಮಕ್ಕಳು ಮತ್ತು ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು. ಅಂದರೆ ಪೀಣ್ಯದ ಕಾರ್ಮಿಕನಿಗೂ ಉಂಟು, ಅವನ ಹೆಂಡತಿಗೂ ಉಂಟು. ಮಾತುಕತೆಯಿಂದ ಬಗೆಹರಿಸಿಕೊಳ್ಳಲು 2007ರಿಂದ ಬೆಂಗಳೂರಿನಲ್ಲಿ ಸಂಧಾನ ಕೇಂದ್ರವೂ ಇದೆ.

ಮಕ್ಕಳ ವಿಷಯ ಮರೆಯಬಾರದು. ತಾಯಿ ತನ್ನ ಜೀವನಾಂಶವನ್ನು ಬಿಟ್ಟುಕೊಡಬಹುದು. ಆದರೆ ಮಗುವಿನ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ಆಕೆಗಿಲ್ಲ.

ಮಿತ್ರರೇ, ನಿಮ್ಮ ಬಂಧುಗಳಲ್ಲೋ ನೆರೆಹೊರೆಯಲ್ಲೋ ಇಂಥ ಸಂದರ್ಭ ಬಂದರೆ ಯಾರದು ತಪ್ಪೆಂದು ತೀರ್ಪು ಕೊಡಲು ಹೋಗಬೇಡಿ. ಮೂರು ಪ್ರಶ್ನೆ ಕೇಳಿ, ಸಾಕು. ಇಬ್ಬರ ಆದಾಯವೂ ಲೆಕ್ಕಕ್ಕೆ ಬಂದಿದೆಯೇ? ಮಗುವಿನ ಓದು, ಊಟ, ಔಷಧದ ಖರ್ಚು ಬರೆದಿದೆಯೇ? ಪತ್ರವನ್ನು ಓದಿ ಹೇಳಿದ ವಕೀಲರು ಯಾರ ಕಡೆಯವರು? ಮೂರಕ್ಕೂ ಉತ್ತರ ಸಿಕ್ಕ ಮೇಲೆ ಸಹಿ ಹಾಕಲಿ.