ಸಂಘದ ಬಲ ಕೀರ್ದಿ ಪುಸ್ತಕದಲ್ಲಿ
(ವಾಚನಾಲಯದ ವಾರ್ಷಿಕ ಸಭೆಯಲ್ಲಿ ಕಾರ್ಯಕಾರಿ ಮಂಡಲದ ಪರವಾಗಿ ಮಾಡಿದ ಭಾಷಣ)



ವಾರವಿಡೀ ಕಾರಖಾನೆಯಲ್ಲಿ, ಕಟ್ಟಡದ ಕೆಲಸದಲ್ಲಿ, ಕಚೇರಿಯ ಮೇಜಿನ ಮುಂದೆ ದುಡಿದು ದಣಿದವರು ತಾವು. ಸಿಕ್ಕ ಒಂದು ಆದಿತ್ಯವಾರವನ್ನು ಸಂಘಕ್ಕೆ ಕೊಟ್ಟು ಬಂದಿದ್ದೀರಿ. ಅದಕ್ಕಾಗಿ ಮೊದಲು ನಮ್ಮ ವಂದನೆಗಳು. ಇಂದು ನಮಗೆ ಒಪ್ಪಿಸಿದ ವಿಷಯ "ಸಂಘಸಂಸ್ಥೆಗಳಿಗೆ ಬೇಕಾದ ಹಣ ಮತ್ತು ಕಾರ್ಯಕರ್ತರು" ಎಂಬುದು. ಇದು ನೀರಸವೆಂದು ತೋರಬಹುದು. ಆದರೆ ಈ ವಾಚನಾಲಯದ ಬಾಗಿಲು ಮುಂದೆಯೂ ತೆರೆದಿರುವುದೋ ಇಲ್ಲವೋ ಎಂಬುದು ಇದರಲ್ಲಿಯೇ ಅಡಗಿದೆ.

ನಮ್ಮ ತಪ್ಪಿನಿಂದಲೇ ಆರಂಭಿಸುತ್ತೇವೆ. ಹಿಂದೊಮ್ಮೆ ಒಂದು ಕಂಪನಿಯವರು ನಮಗೆ ಪುಸ್ತಕದ ಕಪಾಟುಗಳನ್ನೂ ಒಂದು ವರ್ಷದ ಬಾಡಿಗೆಯನ್ನೂ ಕೊಡಲು ಮುಂದೆ ಬಂದರು. ಅವರು ಕೇಳಿದ್ದು ಮೂರು ವರ್ಷಗಳ ತಪಾಸಣೆಯಾದ ಲೆಕ್ಕಪತ್ರ, ಅಷ್ಟೆ. ಒಂದು ವರ್ಷದ ಲೆಕ್ಕ ಸಿದ್ಧವಿತ್ತು. ಇನ್ನೊಂದು ವರ್ಷದ ಪಾವತಿಗಳು ಟ್ರಂಕಿನಲ್ಲಿ ಬಿದ್ದಿದ್ದವು. ಮೂರನೆಯ ವರ್ಷದ ಲೆಕ್ಕ ಬೇರೆ ಊರಿಗೆ ವರ್ಗವಾಗಿ ಹೋದ ಖಜಾಂಚಿಯವರ ತಲೆಯಲ್ಲಿತ್ತು. ಅವರು ಪ್ರಾಮಾಣಿಕರು, ಒಂದು ಪೈಯನ್ನೂ ಮುಟ್ಟಿದವರಲ್ಲ. ಆದರೆ ಪ್ರಾಮಾಣಿಕತೆಗೂ ಕಾಗದದ ಸಾಕ್ಷಿ ಬೇಕು. ಅದು ನಮ್ಮಲ್ಲಿರಲಿಲ್ಲ, ಹಣ ಬೇರೆ ಸಂಸ್ಥೆಗೆ ಹೋಯಿತು. ಕಂಪನಿಯವರನ್ನು ದೂರುವಂತಿಲ್ಲ. ಕೊಡುವ ಕೈ ಇತ್ತು, ಹಿಡಿಯುವ ಕೈ ಪಳಗಿರಲಿಲ್ಲ.

ನಾವು ಬಂದು ನೆಲೆಸಿದ ಈ ಪುಣೆ ಪಟ್ಟಣವೇ ಇಂಥ ಕೆಲಸಕ್ಕೆ ಒಳ್ಳೆಯ ಪಾಠಶಾಲೆ. ಪರ್ವತಿ ಗುಡ್ಡವನ್ನು ತಾವೆಲ್ಲ ಹತ್ತಿದ್ದೀರಿ. ಅಲ್ಲಿಯ ದೇವಸ್ಥಾನದ ಆಡಳಿತದ ಬಗೆಗೆ ಎದ್ದ ಅಸಮಾಧಾನದಿಂದಲೇ 1870ರಲ್ಲಿ ಪುಣೆಯ ಸಾರ್ವಜನಿಕ ಸಭೆ ಹುಟ್ಟಿತು. ಅದರ ಸದಸ್ಯನಾಗುವವನು ಕನಿಷ್ಠ 50 ಜನರ ಸಹಿಯುಳ್ಳ ಮುಖತ್ಯಾರಪತ್ರ ತರಬೇಕೆಂಬುದು ನಿಯಮ. ಜನರ ಪರವಾಗಿ ಮಾತಾಡುವವನು ಜನರ ಒಪ್ಪಿಗೆಯನ್ನು ಕಾಗದದಲ್ಲಿ ತೋರಿಸಬೇಕೆಂದು ಆ ಹಿರಿಯರು ಅಂದೇ ತಿಳಿದಿದ್ದರು.

1905ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಭಾರತ ಸೇವಕ ಸಮಾಜವನ್ನು ಇದೇ ಊರಲ್ಲಿ ಸ್ಥಾಪಿಸಿದರು. ಸೇರಿದವನಿಗೆ ಮೊದಲು ಐದು ವರ್ಷಗಳ ಶಿಕ್ಷಣ. ಓದಬೇಕು, ದೇಶ ಸುತ್ತಬೇಕು, ಹಿರಿಯರ ಕೈಕೆಳಗೆ ಪಳಗಬೇಕು. ಸೇವೆ ಮಾಡುವೆನೆಂಬ ಉತ್ಸಾಹ ಒಂದೇ ಸಾಲದು, ಸೇವೆಯನ್ನೂ ಕಲಿಯಬೇಕೆಂಬುದು ಗೋಖಲೆಯವರ ನಂಬಿಕೆಯಾಗಿತ್ತು.

ಹಣದ ಮಾತಿಗೆ ಬರೋಣ. ಲೋಣಾವಳೆಯ ದಾರಿಯಲ್ಲಿ ತಳೆಗಾಂವ ನಿಲ್ದಾಣ ಬರುತ್ತದಲ್ಲವೆ? ಅಂತಾಜಿ ದಾಮೋದರ ಕಾಳೆಯವರು ಜನರಿಂದ ಒಂದೊಂದು ಪೈಸೆ ಕೂಡಿಸುವ ಪೈಸಾ ಫಂಡನ್ನು ಆರಂಭಿಸಿದರು. ಆ ಹಣದಿಂದ 1908ರಲ್ಲಿ ತಳೆಗಾಂವದಲ್ಲಿ ಗಾಜಿನ ಕಾರಖಾನೆ ನಿಂತಿತು. ಹನಿ ಹನಿ ಕೂಡಿದರೆ ಹಳ್ಳ ಎಂಬ ನಮ್ಮ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಡ.

ಮಹರ್ಷಿ ಕರ್ವೆಯವರದು ಇನ್ನೊಂದು ಪಾಠ. ಅವರು ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರು. 1896ರಲ್ಲಿ ಆರಂಭಿಸಿದ ಆಶ್ರಮಕ್ಕಾಗಿ ವರ್ಷಗಟ್ಟಲೆ ಮನೆಮನೆ ತಿರುಗಿ ಚಿಕ್ಕ ಚಿಕ್ಕ ವರ್ಗಣಿ ಕೂಡಿಸಿದರು. 1916ರಲ್ಲಿ ಮಹಿಳಾ ವಿದ್ಯಾಪೀಠ ಆರಂಭವಾಯಿತು. ಸರ್ ವಿಠಲದಾಸ ಠಾಕರಸಿಯವರ 15 ಲಕ್ಷ ರೂಪಾಯಿಗಳ ದಾನ ಬಂದದ್ದು ಆಮೇಲೆ, 1920ರಲ್ಲಿ. ದೊಡ್ಡ ದಾನ ಬಂದಾಗ ಅದನ್ನು ತಾಳಿಕೊಳ್ಳುವ ಮನೆ ಆಗಲೇ ಕಟ್ಟಿತ್ತು. ದಾನಿಗಳ ತಾಯಿಯವರ ಹೆಸರು ವಿದ್ಯಾಪೀಠಕ್ಕೆ ಬಂತು ಎಂಬುದನ್ನೂ ಮರೆಯಬಾರದು. ದೊಡ್ಡ ಹಣದ ಜೊತೆಗೆ ದೊಡ್ಡ ಕರಾರೂ ಬರುತ್ತದೆ.

ಇನ್ನು ಇಂದಿನ ಕಾಲ. 2013ರ ಕಂಪನಿ ಕಾಯದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ಖರ್ಚುಮಾಡಬೇಕು. ಆ ಹಣದಿಂದ ಕೆಲಸ ನಡೆಸುವ ಸಂಸ್ಥೆ ಸರಕಾರದಲ್ಲಿ ಹೆಸರು ನೋಂದಿಸಬೇಕೆಂಬ ನಿಯಮ 2021ರಲ್ಲಿ ಬಂದಿದೆ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯದೆಯೂ ಉಂಟು. ಅದರಂತೆ ವರ್ಷವರ್ಷವೂ ಲೆಕ್ಕದ ತಪಾಸಣೆಯಾಗಬೇಕು. ಟ್ರಸ್ಟಿಗಳು ಬದಲಾದರೆ 90 ದಿನಗಳಲ್ಲಿ ಚಾರಿಟಿ ಕಮಿಷನರ ಕಚೇರಿಗೆ ತಿಳಿಸಬೇಕು. ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯತಿ ಸಿಗಬೇಕಾದರೆ ನಗದು ದಾನ 2,000 ರೂಪಾಯಿ ಮೀರಕೂಡದೆಂದು 2017ರಲ್ಲಿ ಗೊತ್ತುಮಾಡಿದ್ದಾರೆ. ಮೊದಲು ಈ ಮಿತಿ 10,000 ಇತ್ತು. ಇವನ್ನೆಲ್ಲ ಕಾಟವೆಂದು ಗೊಣಗುವುದುಂಟು. ಆದರೆ "ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬ ಗಾದೆ ಸುಮ್ಮನೆ ಹುಟ್ಟಿತೆ?

ನಾವು ಕಂಡುಕೊಂಡ ಒಂದು ಮಾತನ್ನು ತಮ್ಮ ಮುಂದಿಡುತ್ತೇವೆ. ದಾನಿಗಳು ಕಪಾಟು ಕೊಡುತ್ತಾರೆ. ಅದರ ಮೇಲೆ ಹೆಸರು ಬರೆಯಬಹುದು. ಪಂಖಾ ಕೊಡುತ್ತಾರೆ, ಅದು ಕಣ್ಣಿಗೆ ಕಾಣುತ್ತದೆ. ಲೆಕ್ಕ ಬರೆಯುವವನ ಹೋಗಿಬರುವ ಖರ್ಚನ್ನು, ತಪಾಸಣೆಯ ಶುಲ್ಕವನ್ನು, ಸಂಜೆ ಬಾಗಿಲು ತೆರೆಯುವವನ ಗೌರವಧನವನ್ನು ಕೊಡುವವರು ಮಾತ್ರ ವಿರಳ. ಆದರೆ ಸಂಸ್ಥೆ ನಿಲ್ಲುವುದು ಕಾಣದ ಆ ಕೆಲಸದ ಮೇಲೆಯೇ. ಆದುದರಿಂದ ಅದಕ್ಕೆ ನಮ್ಮದೇ ವರ್ಗಣಿ ಬೇಕು. ಗಾರೆ ಕೆಲಸದ ಯಾದಗಿರಿಯ ತಮ್ಮನೂ ಕಚೇರಿಯ ಗುಮಾಸ್ತರೂ ಕೊಡುವ ಚಿಕ್ಕ ಹಣಕ್ಕೆ ಯಾವ ಕರಾರೂ ಇಲ್ಲ. ಅದು ನಮ್ಮ ಸ್ವಾತಂತ್ರ್ಯದ ಹಣ.

ತಮ್ಮಲ್ಲಿ ನಮ್ಮ ಬಿನ್ನಹ ನಾಲ್ಕು. ಒಂದು: ತಿಂಗಳ ವರ್ಗಣಿಯನ್ನು ಶಕ್ತಿಯಿದ್ದಷ್ಟು ಕೊಡಿರಿ. ಮೊಬೈಲಿನಲ್ಲಿ ಕಳಿಸಿದರೂ ಪಾವತಿ ಕೇಳಿ ಪಡೆಯಿರಿ. ಕೇಳಿದರೆ ನಮಗೆ ಅಪಮಾನವಿಲ್ಲ. ಎರಡು: ತಿಂಗಳ ಜಮಾಖರ್ಚನ್ನು ಬಾಗಿಲ ಪಕ್ಕದ ಹಲಗೆಗೆ ಅಂಟಿಸುತ್ತೇವೆ, ಅದನ್ನು ಓದಿರಿ, ತಪ್ಪಿದ್ದರೆ ಹೇಳಿರಿ. ಮೂರು: ಇನ್ನು ಮೇಲೆ ಖಜಾಂಚಿಯ ಜೊತೆಗೆ ಒಬ್ಬ ಜೊತೆಗಾರನಿರಲಿ, ಒಬ್ಬರಿಗೆ ವರ್ಗವಾದರೆ ಇನ್ನೊಬ್ಬರ ಕೈಯಲ್ಲಿ ಕೀರ್ದಿ ಇರಬೇಕು. ನಾಲ್ಕು: ತಮ್ಮಲ್ಲಿ ಲೆಕ್ಕ ಬಲ್ಲ ಗುಮಾಸ್ತರು ಅನೇಕರಿದ್ದೀರಿ. ಆದಿತ್ಯವಾರ ಒಂದು ತಾಸು ನಾಲ್ಕು ಜನ ತರುಣರಿಗೆ ಜಮಾಖರ್ಚು ಬರೆಯುವುದನ್ನು, ಅರ್ಜಿ ಬರೆಯುವುದನ್ನು ಕಲಿಸಿರಿ. ಕಲಿತವರಿಗೆ ನಾಳೆ ಹೊಟ್ಟೆಪಾಡಿಗೂ ಅದು ಒದಗೀತು.

ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಸ್ಥಾಪಿಸಿದ ಹಿರಿಯರು ಹೋದರು, ಸಂಘ ಉಳಿದಿದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ದಾಟಿದ್ದರಿಂದ ಉಳಿದಿದೆ. ಪರಊರಿನಲ್ಲಿರುವ ನಮಗೆ ಈ ದಾಟಿಸುವಿಕೆ ಇನ್ನೂ ಅವಶ್ಯ. ಏಕೆಂದರೆ ನಮ್ಮಲ್ಲಿ ಯಾರೂ ಇಲ್ಲಿ ಎಷ್ಟು ದಿನ ಇರುವೆವೆಂದು ಹೇಳಲಾರೆವು. ನಾವು ಹೋದರೂ ನಾಳೆ ಊರಿನಿಂದ ಬರುವ ಹುಡುಗನಿಗೆ ಇಲ್ಲಿ ಕನ್ನಡ ಪತ್ರಿಕೆ ಸಿಗಬೇಕು.

 ಪಾವತಿ ಪುಸ್ತಕ ಮೇಜಿನ ಮೇಲಿದೆ. ಕೀರ್ದಿಯೂ ಅದರ ಪಕ್ಕದಲ್ಲಿದೆ; ಯಾರಾದರೂ ತೆರೆದು ನೋಡಬಹುದು.