ಭುಜಕ್ಕೆ ತೂಗಿದ ನೀರಿನ ಬಾಟಲಿ

ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ದಾದಿಯೊಬ್ಬಳ ಸಮವಸ್ತ್ರವಿದೆ. ಸೊಂಟದ ಹತ್ತಿರ ಗುಂಡು ತೂರಿದ ಸಣ್ಣ ತೂತು.

ಅದು ವಿವಿಯನ್ ಬುಲ್‌ವಿಂಕಲ್ ಅವರದು. 1942ರ ಫೆಬ್ರವರಿ. ಸಿಂಗಪುರದಿಂದ 65 ಆಸ್ಟ್ರೇಲಿಯನ್ ಸೇನಾ ದಾದಿಯರನ್ನು ಹೊತ್ತು ಹೊರಟ ಹಡಗು ಬಾಂಬಿಗೆ ಸಿಕ್ಕಿ ಮುಳುಗಿತು. ಈಜಿ, ತೇಲಿ ಬಾಂಕಾ ದ್ವೀಪದ ದಡ ಸೇರಿದವರಲ್ಲಿ ತಾಯಂದಿರು, ಮಕ್ಕಳು ಊರಿನತ್ತ ನಡೆದರು. 22 ದಾದಿಯರು ಮಾತ್ರ ಕದಲಲಿಲ್ಲ, ಗಾಯಾಳುಗಳಿದ್ದರಲ್ಲ! ಆ ನಿಲ್ಲುವಿಕೆಯನ್ನು ನೆನೆದಾಗಲೆಲ್ಲ ನನ್ನ ಕೊರಳು ಕಟ್ಟುತ್ತದೆ.

ಜಪಾನಿ ಸೈನಿಕರು ಬಂದರು. ದಾದಿಯರನ್ನು ಸಮುದ್ರದೊಳಗೆ ನಡೆಸಿ, ಹಿಂದಿನಿಂದ ಗುಂಡು ಹಾರಿಸಿದರು. ಆ 22 ದಾದಿಯರಲ್ಲಿ ಉಳಿದವರು ವಿವಿಯನ್ ಒಬ್ಬರೇ. ಅಲೆಗಳಲ್ಲಿ ಸತ್ತಂತೆ ಬಿದ್ದಿದ್ದು, ಕಾಡು ಹೊಕ್ಕು, ತಮ್ಮ ಗಾಯವನ್ನು ಬದಿಗಿಟ್ಟು, ಅಲ್ಲಿ ಸಿಕ್ಕ ಗಾಯಾಳು ಬ್ರಿಟಿಷ್ ಸೈನಿಕನ ಆರೈಕೆಗೆ ಕೂತರು! ಹಸಿವು ತಾಳದೆ ಇಬ್ಬರೂ ಶರಣಾದಾಗ, ಬಟ್ಟೆಯ ತೂತು ಕಾಣದಂತೆ ಅದರ ಮೇಲೆ ನೀರಿನ ಬಾಟಲಿ ತೂಗಿಹಾಕಿಕೊಂಡಿದ್ದರು. ಸಾಕ್ಷಿ ಬದುಕಿದ್ದಾಳೆಂದು ತಿಳಿದರೆ ಸಾವು ಖಚಿತ. ಬೇರೆಡೆ ದಡ ಸೇರಿ ಸೆರೆಸಿಕ್ಕು, ಮೂರೂವರೆ ವರ್ಷದ ಸೆರೆವಾಸದಲ್ಲಿ ಜೊತೆಗಿದ್ದ ದಾದಿಯರೂ ಆ ಗುಟ್ಟು ಕಾಯ್ದರು.

65 ದಾದಿಯರಲ್ಲಿ ಊರಿಗೆ ಮರಳಿದವರು 24.

1946ರಲ್ಲಿ ಟೋಕಿಯೊದ ಯುದ್ಧಾಪರಾಧ ನ್ಯಾಯಮಂಡಳಿಯ ಮುಂದೆ ವಿವಿಯನ್ ನಿಂತರು. ಆ ದಡದಲ್ಲಿ ಗುಂಡಿಗೆ ಬಲಿಯಾದ 21 ಗೆಳತಿಯರ ಕಥೆ ಹೇಳಿದರು. ಆಮೇಲೆ ಮತ್ತೆ ಆಸ್ಪತ್ರೆಗೆ, ರೋಗಿಗಳ ಬಳಿಗೆ ಹೋದರು.